ಮೊದಲು ಏಳುವ ಕೈ

ಬೇಗ ಬೇಗ ಕೈಯಾಡಿಸಿದರೆ ಯಾರೂ ಮಾತಿಗೆಳೆಯುವುದಿಲ್ಲ. ಇದು ಚುರುಕುತನವಲ್ಲ, ಶುದ್ಧ ಪುಕ್ಕಲುತನ ಎಂದು ಅವಳು ತನಗೆ ತಾನೇ ಒಪ್ಪಿಕೊಂಡಿದ್ದಳು. ಪದವಿ ಮುಗಿಸಿ ಮನೆಯ ಮೂಲೆ ಹಿಡಿದಿದ್ದವಳನ್ನು ಚಿಕ್ಕಮ್ಮನೇ ತಾನು ದುಡಿಯುವ ಆಸ್ಪತ್ರೆ ಲಾಂಡ್ರಿಗೆ ಸೇರಿಸಿದ್ದಳು.

ಅಲ್ಲಿ ಇಬ್ಬಿಬ್ಬರು ಎದುರುಬದುರು ನಿಂತು, ಒಣಗಿದ ಹಾಸುಬಟ್ಟೆಯ ತುದಿ ಹಿಡಿದು, ಪಟಾರನೆ ಕೊಡವಿ ಮಡಚಬೇಕು. ಬೆಳಿಗ್ಗೆ ಒಂದೊಂದು ಮೇಜಿನದು ಒಂದೊಂದು ಸದ್ದು. ಸ್ವಲ್ಪ ಹೊತ್ತಿನಲ್ಲೇ, ಯಾರೂ ಹೇಳದೆ, ಕೋಣೆಗೆಲ್ಲ ಒಂದೇ ಪಟಾರು. ಅದನ್ನು ನಡೆಸುವವಳು ಅವಳ ಜೋಡಿ, ಡಂಗುರ ಎಂಬ ಅಡ್ಡಹೆಸರಿನ ದೊಡ್ಡಬಾಯಿಯ ಹೆಂಗಸು ಎಂದೇ ಎಲ್ಲರ ನಂಬಿಕೆ. ಡಂಗುರ "ಹ್ಞೂಂ" ಅಂದರೆ ಸಾಕು, ಎಲ್ಲರ ಕೈ ಮೇಲೇಳುತ್ತಿತ್ತು.

ಇತ್ತೀಚೆಗೆ ಆ ಲಯ ಓಟಕ್ಕೆ ಬಿದ್ದಿತ್ತು. ಭುಜ ನೋವಿನ ಚಿಕ್ಕಮ್ಮ ದಿನವೂ ಹಿಂದೆ ಬೀಳುತ್ತಿದ್ದಳು.

"ಏನೇ ಡಂಗುರ, ಹಿಂದೆ ನಾಯಿ ಗೀಯಿ ಬಿಟ್ಟಿದ್ದಾರಾ?"

"ನಿನ್ನ ಕೀಲಿಗೆ ತುಕ್ಕು ಹಿಡಿದ್ರೆ ನಾನೇನ್ ಮಾಡ್ಲಿ ತಾಯಿ? ಎಣ್ಣೆ ಬಿಟ್ಕೋ."

ಎಲ್ಲರೂ ನಕ್ಕರು. ಚಿಕ್ಕಮ್ಮನೂ ನಕ್ಕಳು, ಭುಜ ಒತ್ತಿಕೊಳ್ಳುತ್ತ.

ಡಂಗುರಳ ಎದುರು ನಿಂತಿದ್ದ ಹುಡುಗಿಗೆ ಒಂದು ಅನುಮಾನ ಹುಟ್ಟಿತು. ಮುಂದಿನ ಬಟ್ಟೆ ಹಿಡಿದವಳು ಬೇಕೆಂದೇ ಕೈ ಎತ್ತದೆ ನಿಂತಳು. ಡಂಗುರಳ ಬಾಯಿ ತೆರೆದೇ ಇತ್ತು, ಸ್ವರ ಹೊರಡಲಿಲ್ಲ. ಕೋಣೆಯ ಬಟ್ಟೆಗಳೆಲ್ಲ ಜೋತುಬಿದ್ದು ಕಾದವು. ಅವಳು ಕೈ ಎತ್ತಿದಳು.

"ಹ್ಞೂಂ."

ಪಟಾರ್.

ಮಾತಿಗೆ ಹೆದರಿ ಓಡುತ್ತಿದ್ದವಳ ಬೆನ್ನ ಹಿಂದೆ ಇಡೀ ಕೋಣೆಯೇ ಓಡುತ್ತಿತ್ತು.

ಊಟಕ್ಕೆ ಬಿಡುವ ಹೊತ್ತಿಗೆ ಮೇಲ್ವಿಚಾರಕ ಬಂದು ಚಿಕ್ಕಮ್ಮನ ಮೇಜಿನ ಮುಂದೆ ನಿಂತ.

"ನೋಡಮ್ಮ, ಎಲ್ಲರ ಬಟ್ಟೆ ಗಂಟೂ ಬಂದಿರುತ್ತೆ, ನಿಮ್ಮದಕ್ಕೋಸ್ಕರ ವಾರ್ಡಿನ ಗಾಡಿ ಕಾಯುತ್ತೆ. ನಾಳೆಯಿಂದ ನೀವು ಬರೋದು ಬೇಡ."

ಚಿಕ್ಕಮ್ಮ ಮಡಚಿದ್ದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚಿದಳು. "ಆಗ್ಲಿ ಸಾರ್. ವಯಸ್ಸಾಯ್ತು, ಇನ್ನೇನು. ನಮ್ಮ ಹುಡುಗಿ ಇದ್ದಾಳಲ್ಲ, ಮನೆ ಹೇಗೋ ನಡೆಯುತ್ತೆ."

ಡಂಗುರ ನೆಲ ನೋಡಿದಳು. ಅವಳನ್ನು ನೋಡಿ ಉಳಿದವರೂ. ಸುಮ್ಮನಿರುವುದರಲ್ಲೂ ಕೋಣೆ ಒಂದೇ ಆಗಿತ್ತು. ಯಾರಾದರೂ ಮೊದಲು ಬಾಯಿ ಬಿಡಲಿ ಎಂದು ಹುಡುಗಿ ಕಾದಳು. ಎಲ್ಲರೂ ಅದನ್ನೇ ಕಾಯುತ್ತಿದ್ದರು.

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಸಾರ್," ಎಂದಳು. ಮೇಲ್ವಿಚಾರಕ ತಿರುಗಿದ. "ಚಿಕ್ಕಮ್ಮ ನಿಧಾನ ಆಗಿಲ್ಲ. ಓಡ್ತಿರೋದು ನಾನು. ಇವರೆಲ್ಲ ನನ್ನ ಕೈ ನೋಡ್ಕೊಂಡೇ ಕೊಡವ್ತಿದ್ದಾರೆ."