ಜುಂಜಮ್ಮಜ್ಜಿಯ ಮೂಗು

ಬಸ್ಸು ಚಳ್ಳಕೆರೆ ಮುಟ್ಟುವ ಮೊದಲೇ ಊರು ಮೂಗಿಗೆ ಬರುತ್ತದೆ. ಎಣ್ಣೆ ಮಿಲ್ಲುಗಳಲ್ಲಿ ಶೇಂಗಾ ಬಿಸಿಯಾಗುವ ವಾಸನೆ ಕಿಟಕಿಯೊಳಗೆ ನುಗ್ಗಿ ತೂಕಡಿಸುವವರನ್ನು ಮೆಲ್ಲಗೆ ತಟ್ಟಿ ಎಬ್ಬಿಸುತ್ತದೆ. ಜುಂಜಮ್ಮಜ್ಜಿ ಯಾವಾಗಲೂ ಕಣ್ಣು ಮುಚ್ಚಿಕೊಂಡೇ, "ಏಳೆ, ಊರು ಬಂತು" ಅನ್ನುವವಳು. ಆವತ್ತು ಮಿಲ್ಲುಗಳೆಲ್ಲ ಹಿಂದಾದ ಮೇಲೂ ಮೊಮ್ಮಗಳನ್ನು ಕೇಳಿದಳು: "ಇನ್ನಾ ಎಷ್ಟು ದೂರ ಐತೆ?"

ನಿರ್ಮಲಾ ಅಜ್ಜಿಯ ಮುಖ ನೋಡಿದಳು. ಏಳನೇ ತರಗತಿಗೇ ಶಾಲೆ ಬಿಟ್ಟವಳು, ಮಾತಾಡುವುದಕ್ಕಿಂತ ನೋಡುವುದೇ ಹೆಚ್ಚು. ಊಟ ಮಣ್ಣು ತಿಂದಂಗೆ ಆಗುತ್ತದೆ ಎಂದು ಅಜ್ಜಿ ಮನೆಯಲ್ಲಿ ಹೇಳಿದ್ದಳು. ಒಲೆಯ ಮುಂದೆ ಅಜ್ಜಿ ಕೂತಿದ್ದಾಗಲೇ ಹಾಲು ಸೀದು ಕರಕಲಾದದ್ದನ್ನು ನಿರ್ಮಲಾ ಮಾತ್ರ ಕಂಡಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅಜ್ಜಿಯ ಕಣ್ಣು ಮುಚ್ಚಿಸಿ ಒಂದೊಂದೇ ಸಣ್ಣ ಶೀಶೆ ಮೂಗಿಗೆ ಹಿಡಿದರು. ಲವಂಗಕ್ಕೆ ಅಜ್ಜಿ "ಮಲ್ಲಿಗೆ" ಅಂದಳು. ಕಾಫಿ ಪುಡಿಗೂ "ಮಲ್ಲಿಗೆ" ಅಂದಳು. ಖಾಲಿ ಶೀಶೆಗೆ ಸ್ವಲ್ಪ ಯೋಚಿಸಿ, "ಇದು ಒಣಗಿದ ಮಲ್ಲಿಗೆ" ಅಂದಳು.

ಡಾಕ್ಟರಮ್ಮ ನಗಲಿಲ್ಲ. "ಏನು ಕೆಲಸ ಮಾಡ್ತೀರಜ್ಜಿ?"

"ಕುರಿ ಅವೆ ಕಣವ್ವ."

"ಹಂಗಾದ್ರೆ ನಿಮಗೆ ಗೊತ್ತಿರ್ತದೆ. ಮರಿ ಕುಡಿದ ಹಾಲು ಹೊಟ್ಟೇಲಿ ಒಡೆದು ಗಟ್ಟಿ ಆಗ್ತದಲ್ಲ, ಅದನ್ನ ಮಾಡೋದು ಕಿಣ್ವ. ಮಿದುಳಲ್ಲೂ ಬೇರೆ ಬೇರೆ ಕಿಣ್ವ ಇದಾವೆ. ಎಳೆ ಕೂಸು ಕಣ್ಣು ಸರಿಯಾಗಿ ಕಾಣೋ ಮೊದಲೇ ತಾಯಿನ ವಾಸನೆಯಿಂದ ಗುರುತು ಹಿಡಿತದೆ. ಆ ಮಿದುಳು ಬೆಳೆಯೋದರಲ್ಲಿ ಅವುಗಳ ಕೆಲಸ ಬಹಳ. ವಯಸ್ಸಾದಂಗೆ ಕೆಲವು ನಿಧಾನ ಆಗ್ತವೆ, ಮೂಗೂ ಮಂಕಾಗ್ತದೆ. ಯಾವುದರಿಂದ ಯಾವುದು ಅಂತ ನಮಗೂ ಪೂರ್ತಿ ಗೊತ್ತಿಲ್ಲ."

"ಮಾತ್ರೆ?"

"ಮಾತ್ರೆ ಇಲ್ಲ. ದಿನಾ ಲವಂಗ, ನಿಂಬೆಹಣ್ಣು ಮೂಸ್ರಿ. ಮೂಸ್ತಾ ಆ ವಾಸನೆ ಹೆಂಗಿತ್ತು ಅಂತ ನೆನಪು ಮಾಡ್ಕೊಳ್ರಿ. ಸ್ವಲ್ಪ ಬಂದ್ರೂ ಬರಬಹುದು."

ತಳಕಿನ ಬಸ್ಸಿನಲ್ಲಿ ತಮ್ಮ ಹಟ್ಟಿಗೆ ವಾಪಸು ಬರುವಾಗ ನಿರ್ಮಲಾಗೆ ಅಜ್ಜಿಯ ತಲೆಯೊಳಗೊಂದು ದೊಡ್ಡ ಹುಲ್ಲುಗಾವಲು ಕಂಡಿತು. ಅಲ್ಲಲ್ಲಿ ಬೆಂಕಿ ಹಾಕಿಕೊಂಡು ಬೆರಳುದ್ದದ ಕುರುಬರು ಕೂತಿದ್ದರು. ಒಬ್ಬೊಬ್ಬರಾಗಿ ಕಂಬಳಿ ಎಳೆದುಕೊಂಡು ಮಲಗುತ್ತಿದ್ದರು. ಬೆಂಕಿಗಳು ಒಂದೊಂದೇ ಬೂದಿಯಾಗುತ್ತಿದ್ದವು.

"ಹಟ್ಟೀಲಿ ಯಾರಿಗೂ ಹೇಳಬ್ಯಾಡ," ಅಜ್ಜಿ ಮೊಮ್ಮಗಳ ಮಣಿಕಟ್ಟು ಹಿಡಿದಳು. "ಮೂಗು ಹೋದ ಮುದುಕಿಗೆ ರೊಪ್ಪದಾಗೇನು ಕೆಲಸ ಅಂತಾರೆ. ಮೂಲೆಗೆ ಕೂಡ್ರಿಸ್ತಾರೆ."

ರೊಪ್ಪ ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿ. ಯಾವ ಮರಿ ಯಾವ ತಾಯಿಯದು ಎಂದು ಮೂಸಿ ಹೇಳುತ್ತಿದ್ದವಳು ಜುಂಜಮ್ಮಜ್ಜಿ. ಅವಳು ಹೇಳಿದ ಮೇಲೆ ಹಟ್ಟಿಯಲ್ಲಿ ಎರಡನೇ ಮಾತಿರಲಿಲ್ಲ.

ಮನೆ ಸೇರುವಷ್ಟರಲ್ಲಿ, ಆಂಧ್ರ ಗಡಿಯ ಮೊಳಕಾಲ್ಮೂರು ಕಡೆಯಿಂದ ತಂದಿದ್ದ ಕರಿ ಕುರಿಯ ಎರಡು ದಿನದ ಮರಿ ಸತ್ತಿತ್ತು. ಇನ್ನೊಂದು ಕುರಿ ಈದು ಸತ್ತು, ಅದರ ಮರಿ ತಬ್ಬಲಿಯಾಗಿತ್ತು. ಬಾಟಲಿ ಹಾಲು ಅದಕ್ಕೆ ಹಿಡಿಸುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಸತ್ತ ಮರಿಯ ಚರ್ಮವನ್ನು ತಬ್ಬಲಿಗೆ ಹೊದಿಸಿ ಬಿಡುತ್ತಾರೆ. ತಾಯಿ ಮೂಸಿ, ತನ್ನದೇ ಎಂದು ಮೊಲೆ ಕೊಡುತ್ತದೆ.

ಬೆಳಿಗ್ಗೆ ಅಪ್ಪ ನಾಗೇಂದ್ರಪ್ಪ ಚರ್ಮ ತಂದುಕೊಟ್ಟ. ಅಜ್ಜಿ ಅದನ್ನು ಮೂಗಿಗೆ ಹಿಡಿದು, ತಲೆದೂಗಿ, ಮರಿಯ ಬೆನ್ನಿಗೆ ಕಟ್ಟಿದಳು. ಕರಿ ಕುರಿ ಒಮ್ಮೆ ಮೂಸಿ ಮರಿಯನ್ನು ಗುಮ್ಮಿ ಕೆಡವಿತು. ಮತ್ತೆ ಬಿಟ್ಟರೆ ಮತ್ತೆ ಗುಮ್ಮಿತು.

"ತೆಲುಗು ಸೀಮೆ ಕುರಿ, ಕನ್ನಡದ ಮರಿ ಬ್ಯಾಡಂತೆ," ಬೇಲಿಯಾಚೆಯಿಂದ ಪಕ್ಕದ ಮನೆಯ ಓಬಯ್ಯ ನಕ್ಕ.

"ಬಿಡವ್ವ, ಆಗಲ್ಲ," ಅಂದ ಅಪ್ಪ. "ಇದು ಸಂಜೆ ಕಾಣಲ್ಲ."

ಮರಿಯ ಕಾಲು ಮಡಚಿಕೊಳ್ಳುತ್ತಿತ್ತು. ನಿರ್ಮಲಾ ಎತ್ತಿಕೊಂಡಾಗ ಗಮ್ಮೆಂದು ಮೂಗಿಗೆ ಬಡಿದದ್ದು ಬಟ್ಟೆ ಒಗೆಯುವ ಪುಡಿ. ಎಲ್ಲರೆದುರು ಹೇಳಿದರೆ ಅಜ್ಜಿಯ ಗುಟ್ಟು ರಟ್ಟು. ಹೇಳದಿದ್ದರೆ ಮರಿ ಉಳಿಯುವುದಿಲ್ಲ. ಅವಳು ಗಂಟು ಸರಿಮಾಡುವವಳಂತೆ ಬಗ್ಗಿ, ಅಜ್ಜಿಯ ಕಿವಿಯಲ್ಲಿ ಉಸುರಿದಳು: "ಅಜ್ಜಿ, ಸೋಪಿನ ಪುಡಿ."

ಅಜ್ಜಿ ಚರ್ಮದ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಆಮೇಲೆ ಸೊಂಟ ನೆಟ್ಟಗೆ ಮಾಡಿದಳು. "ಲೇ ನಾಗೇಂದ್ರ, ಚರ್ಮ ತೊಳ್ದೆ ಏನಲೇ?"

"ನೊಣ ಮುತ್ತಿದ್ವು ಕಣವ್ವ. ವಸಿ ಪುಡಿ ಹಾಕಿ..."

"ನಿನ್ನ ಮದುವೆ ಅಂಗೀನ ಇಷ್ಟು ಚೆಂದ ಒಗ್ದಿರಲಿಲ್ಲ ನೀನು. ತಾಯಿ ಯಾವ ಗುರುತು ಹಿಡೀಬೇಕು?"

ಓಬಯ್ಯ ಮತ್ತೂ ನಕ್ಕ. ಅಷ್ಟರಲ್ಲಿ ನಿರ್ಮಲಾ ರೊಪ್ಪದ ಮೂಲೆಗೆ ಓಡಿದ್ದಳು. ಸತ್ತ ಮರಿ ಎರಡು ದಿನ ಮಲಗಿದ್ದ ಹಳೇ ಕಂಬಳಿ ತುಂಡು ಅಲ್ಲೇ ಇತ್ತು. ಚರ್ಮ ಬಿಚ್ಚಿ, ತಬ್ಬಲಿಯ ಮೈಯೆಲ್ಲ ಕಂಬಳಿಯಲ್ಲಿ ತಿಕ್ಕಿ, ಅದನ್ನೇ ಹೊದಿಸಿ ಕಟ್ಟಿದಳು.

ಕರಿ ಕುರಿ ಮೂಸಿತು. ಬಾಲದ ಬುಡ ಮೂಸಿತು. ಬಹಳ ಹೊತ್ತು ಮೂಸಿತು. ಆಮೇಲೆ ಗಂಟಲೊಳಗೇ ಸಣ್ಣಗೆ ಗುರುಗುಟ್ಟಿ ಕಾಲು ಅಗಲಿಸಿ ನಿಂತಿತು. ಮರಿಯ ಬಾಲ ಅಲುಗಾಡತೊಡಗಿತು.

ಗಂಡಸರು ಹೋದ ಮೇಲೆ ಅಜ್ಜಿ ಮರಿಯ ಮೇಲಿನ ಕಂಬಳಿ ಸವರಿ, ಬಂಡೆಯ ಮೇಲೆ ಕೂತು, ಆ ಅಂಗೈಯನ್ನು ನಿರ್ಮಲಾಳ ಮೂಗಿಗೆ ಹಿಡಿದಳು. "ಏನು ವಾಸನೆ ಐತೆ, ಹೇಳು. ನಾನು ನೆನಪು ಮಾಡ್ಕೊಂತೀನಿ."

ಶಾಲೆಯಲ್ಲಿ ಮೇಷ್ಟರು ಕೇಳಿದಾಗ ನೆಲ ನೋಡುತ್ತಿದ್ದವಳು ಅವಳು. ಈಗ ಕಣ್ಣು ಮುಚ್ಚಿದಳು. "ಹನಿ ಬಿದ್ದ ಉಣ್ಣೆ."

"ಆಮೇಲೆ?"

"ಹುಳಿ ಬಂದ ಹಾಲು. ಬಿಸಿಲಿಗೆ ಕಾದ ಹಿಕ್ಕೆ."

ಅಜ್ಜಿಯ ಮೂಗಿನ ಹೊಳ್ಳೆಗಳು ಮೆಲ್ಲಗೆ ಅರಳಿದವು. ಅವಳೂ ಕಣ್ಣು ಮುಚ್ಚಿಕೊಂಡಿದ್ದಳು.

"ಇನ್ನಾ ಹೇಳು," ಅಂದಳು.