ಲಿಲಿತ್‌ಗೆ ಬಿಡುಗಡೆ ಪತ್ರ

ನನ್ನ ಗಂಡ ಗುರೋಯ್‌ಗೆ ಇಬ್ಬರು ಹೆಂಡಿರು. ಒಬ್ಬಳು ನಾನು, ದೋದಾಯ್. ಇನ್ನೊಬ್ಬಳು ಲಿಲಿತ್ ಎಂಬ ದೆವ್ವ. ಕನಸಿನಲ್ಲಿ ಬಂದು ಅವನ ಪಕ್ಕದಲ್ಲಿ ಮಲಗುತ್ತಾಳಂತೆ, ನಾನು ಹೆತ್ತದ್ದನ್ನು ತೊಟ್ಟಿಲಲ್ಲೇ ಕೊಲ್ಲುತ್ತಾಳಂತೆ. ನಿಪ್ಪೂರಿನ ನಮ್ಮ ಯೆಹೂದಿ ಕೇರಿಯೆಲ್ಲ ಹಾಗೇ ಹೇಳುತ್ತದೆ. ನಾಲ್ಕು ಮಕ್ಕಳನ್ನು ಮಣ್ಣು ಮಾಡಿದೆ. ಇನ್ನೊಂದನ್ನು ಹೊರಲು ನನ್ನಲ್ಲಿ ಕಸುವಿಲ್ಲ. ಬೋರ್ಸಿಪ್ಪದ ಅಣ್ಣನ ಮನೆಗೆ ಹೋಗಿ ಮೂಲೆಯಲ್ಲಿ ಬಿದ್ದುಕೊಂಡಿರಬೇಕು, ಅಷ್ಟೇ ನನ್ನ ಆಸೆ. ಅದಕ್ಕೆ ಗಂಡ ಮದುವೆ ಮುರಿದು ಬಿಡುಗಡೆ ಪತ್ರ ಕೊಡಬೇಕು. ಕೇಳಿ ಕೇಳಿ ನನ್ನ ಬಾಯಿ ಒಣಗಿತ್ತು.

ಕೊನೆಗೂ ಅವನು ಪತ್ರ ಬರೆಯುವ ಮುದುಕ ಝುಟ್ರಾನನ್ನು ಕರೆಸಿದ. ನನಗಲ್ಲ, ಲಿಲಿತ್‌ಗಾಗಿ!

ದೆವ್ವಕ್ಕೆ ಕೊಡುವ ಪತ್ರವನ್ನು ಬಟ್ಟಲಲ್ಲಿ ಬರೆದು ಹೊಸ್ತಿಲ ಕೆಳಗೆ ಹೂಳುವುದು ನಮ್ಮಲ್ಲಿ ರೂಢಿ. ಝುಟ್ರಾ ಮಣ್ಣಿನ ಬಟ್ಟಲಿನ ಒಳಗೆ ಸುತ್ತಲೂ ಬರೆದು ಮುಗಿಸಿ ಓದತೊಡಗಿದ. ಗುರೋಯ್ ಬಾಗಿಲ ಕಡೆ ಮುಖ ಮಾಡಿ ಅದನ್ನೇ ಒಪ್ಪಿಸಿದ: "ನಿನ್ನನ್ನು ಬಿಟ್ಟಿದ್ದೇನೆ. ನಿನ್ನ ಮೇಲೆ ನನಗೆ ಹಕ್ಕಿಲ್ಲ. ಎಲ್ಲಿಗೆ ಬೇಕಾದರೂ ಹೋಗು."

ಬಾಗಿಲಲ್ಲಿ ನೀರಿನ ಕೊಡ ಹಿಡಿದು ನಿಂತವಳು ನಾನು. ದೆವ್ವಕ್ಕೆ ಎಷ್ಟು ಮೆತ್ತಗೆ ಹೇಳಿದ! ನನಗೆ ಹೊಟ್ಟೆ ಉರಿಯಿತು.

"ಝುಟ್ರಾ ಮಾವ, ಹಂಗೇ ಇನ್ನೊಂದು ಬರೀರಿ. ನನ್ ಹೆಸರಿಗೆ."

"ಅವ್ನು ಮನಸಾರೆ ಹೇಳ್ಬೇಕಲ್ಲಮ್ಮ," ಎಂದ ಮುದುಕ. "ಬರೀ ನಾನ್ ಬರೆದ್ರೆ ಏನ್ ಬಂತು?"

ಗುರೋಯ್ ನಕ್ಕ. "ತಲೆ ಕೆಟ್ಟಿದ್ಯೇನೇ? ಆ ಪೀಡೆ ತೊಲಗಿದ್ಮೇಲೆ ಇನ್ನೇನು ಭಯ? ಬರೋ ವರ್ಷ ತೊಟ್ಟಿಲು ತೂಗ್ತೀಯ, ನೋಡ್ತಿರು."

"ನನ್ ಕೈಲಾಗಲ್ಲ."

"ಎಲ್ಲ ಹೆಂಗಸ್ರೂ ಹಂಗೇ ಅಂತಾರೆ. ಹೋಗು, ಗುಂಡಿ ತೋಡು."

ಹೊಸ್ತಿಲ ಕೆಳಗೆ ತೋಡಿದೆ. ಬಟ್ಟಲನ್ನು ಬೋರಲು ಹಾಕಿ ಮಣ್ಣು ಮುಚ್ಚಿದೆ. ಅವರಿಬ್ಬರೂ ಒಳಗೆ ಖರ್ಜೂರದ ಹೆಂಡ ಕುಡಿಯುತ್ತ ಕೂತಿದ್ದರು.

"ಚೆನ್ನಾಗಿ ತುಳಿಯೇ!" ಎಂದು ಗುರೋಯ್ ಕೂಗಿದ.

ತುಳಿದೆ. ಸಿಟ್ಟೋ ಸುಸ್ತೋ, ತುಳಿಯುವುದನ್ನು ನಿಲ್ಲಿಸಲೇ ಇಲ್ಲ. ಕೆಳಗೆ ಟಪ್ ಎಂದಿತು.

ಬಟ್ಟಲು ಒಡೆದರೆ ಪತ್ರ ನಡೆಯುವುದಿಲ್ಲ. ಲಿಲಿತ್ ಅವನ ಹೆಂಡತಿಯಾಗಿಯೇ ಉಳಿಯುತ್ತಾಳೆ. ಒಂದು ಮಾತು ಹೇಳಿದ್ದರೆ ಝುಟ್ರಾ ಇನ್ನೊಂದು ಬರೆದುಕೊಡುತ್ತಿದ್ದ.

"ಆಯ್ತೇನೇ?"

"ಆಯ್ತು," ಎಂದೆ.

ಮೇಲೆ ಇನ್ನೊಂದು ಬೊಗಸೆ ಮಣ್ಣು ಹಾಕಿ ಸವರಿದೆ. ಇರಲಿ, ಅವಳೂ ಇರಲಿ. ಅವನ ಒಂದಷ್ಟು ರಾತ್ರಿಗಳನ್ನಾದರೂ ಅವಳು ಇಟ್ಟುಕೊಳ್ಳಲಿ.