ದಿನಕ್ಕೊಂದು ಪಾಸ್‌ವರ್ಡ್

ಮೂರನೇ ಮಹಡಿಯಲ್ಲಿ ದಿನಾ ಮಧ್ಯಾಹ್ನ ಎರಡಕ್ಕೆ ಅದೇ ಗೋಳು. ಊಟ ಮುಗಿಸಿ ಬಂದು ಲ್ಯಾಪ್‌ಟಾಪ್ ತೆರೆದರೆ ವೈಫೈ ಸಿಕ್ಕಿದೆ ಅಂತ ತೋರಿಸುತ್ತೆ, ಒಂದು ಪುಟವೂ ತೆರೆಯಲ್ಲ. ನಮ್ಮದು ರೋಗಿಗಳಿಗೆ ಡಾಕ್ಟರ ಸಮಯ ಗೊತ್ತುಮಾಡಿಕೊಡುವ ಆಫೀಸು. ಅರ್ಧ ಗಂಟೆ ನಿಂತರೆ ಫೋನಿನಲ್ಲಿ ಜನ ಬೈದು ಹಾಕುತ್ತಾರೆ. ಮಹಡಿಯವರು ವೈಫೈ ನೋಡಿಕೊಳ್ಳುವ ನನ್ನನ್ನು ಕರೆಯುತ್ತಾರೆ, ನಾನು ಬರುವಷ್ಟರಲ್ಲಿ ಎಲ್ಲ ಸರಿಹೋಗಿರುತ್ತೆ.

"ವೈಫೈ ಮೇಡಂ ಕಂಡ್ರೆ ದೆವ್ವಕ್ಕೂ ಭಯ ನೋಡ್ರಿ," ಅಂತ ನಗುತ್ತಿದ್ದರು. ಒಬ್ಬ ಮಾತ್ರ ಮೆಲ್ಲಗೆ, "ಅವರ ತಂಗಿ ಹೋದಾಗಿನಿಂದ್ಲೇ ಅಲ್ವಾ ಇದು," ಅಂದ. ನನಗೆ ಕೇಳಿಸಿತು. "ಸತ್ತೋರಿಗೆ ನಿಮ್ಮ ವೈಫೈ ಯಾಕಪ್ಪಾ ಬೇಕು?" ಅಂತ ಜೋರು ಮಾಡಿದೆ.

ನನ್ನ ತಂಗಿ ಇದೇ ಮಹಡಿಯ ಮೂಲೆಯಲ್ಲಿ ಕೂರುತ್ತಿದ್ದಳು. ನಾಲ್ಕು ತಿಂಗಳ ಹಿಂದೆ ಒಂದು ಸಂಜೆ ಸ್ಕೂಟರ್‌ಗೆ ಲಾರಿ ಗುದ್ದಿ ಹೋದಳು. ಅದಕ್ಕೂ ಮುಂಚೆ ಮೂರು ತಿಂಗಳು ನಮಗೆ ಮಾತಿರಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಅವಳು ಬರಲಿಲ್ಲ ಅಂತ, "ಇನ್ನು ನಮ್ಮನೆ ಮೆಟ್ಟಿಲು ಹತ್ತಬೇಡ," ಅಂದುಬಿಟ್ಟಿದ್ದೆ. ನನ್ನ ನಾಲಿಗೆಗೆ ಬೆಂಕಿ ಬೀಳ. ಸತ್ತ ದಿನ ಮಧ್ಯಾಹ್ನ ಅವಳಿಂದ ಒಂದು ಮೆಸೇಜು ಬಂತು: 'ಅಕ್ಕಾ, ನಿಂಗೊಂದು ಪತ್ರ ಬರೀತಿದ್ದೀನಿ. ಬೈಬೇಡ, ಪೂರ್ತಿ ಓದು.' ಪತ್ರ ಬರಲೇ ಇಲ್ಲ.

ಅವಳು ಹೋದ ಮೇಲೂ ಅವಳ ಲ್ಯಾಪ್‌ಟಾಪ್ ಆಫೀಸಿನ ಮೇಜಿನ ಮೇಲೆ ಆನ್ ಆಗಿಯೇ ಇತ್ತು, ಪಾಸ್‌ವರ್ಡ್ ಕೇಳುತ್ತಿತ್ತು. ಆಫ್ ಮಾಡಿದರೆ, ಅವಳು ಸೇವ್ ಮಾಡದೇ ಬಿಟ್ಟ ಪತ್ರ ಅಳಿಸಿಹೋಗುತ್ತೆ. ಅದಕ್ಕೇ, ಕೆಟ್ಟುಹೋಗಿದೆ ಅಂತ ರಿಜಿಸ್ಟರಿನಲ್ಲಿ ಸುಳ್ಳು ಬರೆದು, ಕಾರಿಡಾರಿನಲ್ಲಿರುವ ನನ್ನ ಕೇಬಲ್ ಕೋಣೆಯೊಳಗೆ ಚಾರ್ಜಿಗೆ ಹಾಕಿ ಮುಚ್ಚಿಟ್ಟೆ. ದಿನಾ ಎರಡಕ್ಕೆ, ಕಾರಿಡಾರ್ ಖಾಲಿಯಾದ ಮೇಲೆ, ಮುಚ್ಚಳ ತೆರೆದು ಒಂದೇ ಒಂದು ಪಾಸ್‌ವರ್ಡ್ ಹಾಕಿ ನೋಡುತ್ತಿದ್ದೆ. ಒಂದೇ ದಿನದಲ್ಲಿ ಮೂರು ಸಲ ತಪ್ಪಿದರೆ ತಾನೇ ಆಫ್ ಆಗಬೇಕು ಅಂತ ಆಫೀಸಿನ ಎಲ್ಲ ಲ್ಯಾಪ್‌ಟಾಪ್‌ಗೂ ನಿಯಮ ಹಾಕಿದವಳೂ ನಾನೇ. ಅಮ್ಮನ ಹೆಸರು, ಅವಳ ಮಗುವಿನ ಹೆಸರು, ಚಿಕ್ಕಂದಿನಲ್ಲಿ ಸಾಕಿದ್ದ ನಾಯಿಯ ಹೆಸರು, ಎಲ್ಲ ಆಯಿತು. ನನ್ನ ಹೆಸರು ಹಾಕಲು ಮಾತ್ರ ಧೈರ್ಯ ಬಂದಿರಲಿಲ್ಲ. ತೆರೆಯದಿದ್ದರೆ?

ಆವತ್ತು ಮುಚ್ಚಳ ತೆರೆದು ಕೂತಿದ್ದೇನೆ, ಮ್ಯಾನೇಜರ್ ಫೋನು. "ಎಲ್ಲಿದ್ದೀರ್ರೀ? ಈಗಲೇ ಬನ್ನಿ. ಯಾರೋ ಮುದುಕರಿಗೆ ಆಪರೇಷನ್ ದಿನಾನೇ ತಪ್ಪಿಹೋಯ್ತು. ಇವತ್ತು ಸರಿಮಾಡ್ದೆ ನೀವು ಮನೆಗೆ ಹೋಗೋ ಹಾಗಿಲ್ಲ." ಮುಚ್ಚಳ ಹಾಕದೆ, ಬಾಗಿಲೆಳೆದುಕೊಂಡು ಓಡಿದೆ.

ಮೊದಲ ಸಲ, ನಾನು ಬಂದ ಮೇಲೂ ತೊಂದರೆ ಹಾಗೇ ಇತ್ತು. ನನ್ನ ಫೋನಿನಲ್ಲಿ ಸಿಗ್ನಲ್ ಹುಡುಕುವ ಆ್ಯಪ್ ತೆರೆದೆ. ನಮ್ಮ ಆಫೀಸಿನ ಹೆಸರಿನಲ್ಲೇ ಇನ್ನೊಂದು ನೆಟ್‌ವರ್ಕ್ ಕಾಣಿಸಿತು. ಹತ್ತಿರದಲ್ಲೇ ಎಲ್ಲೋ, ಇಂಟರ್ನೆಟ್ಟಿಲ್ಲದ ಬರೀ ಹೆಸರು. ಊಟದಿಂದ ಬಂದ ಲ್ಯಾಪ್‌ಟಾಪ್‌ಗಳೆಲ್ಲ ಅದನ್ನೇ ತಮ್ಮದೆಂದು ಹಿಡಿದುಕೊಂಡಿದ್ದವು. ಫೋನ್ ಹಿಡಿದು ನಡೆದೆ. ಜೆರಾಕ್ಸ್ ಮೆಷಿನ್ ಹತ್ತಿರ ಎರಡು ಗೆರೆ, ನೀರಿನ ಕ್ಯಾನ್ ಹತ್ತಿರ ಮೂರು. ನನ್ನ ಕೋಣೆಯ ಬಾಗಿಲಲ್ಲಿ ಪೂರ್ತಿ ತುಂಬಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಕಥೆ.

ಇದನ್ನು ಅವಳಿಗೆ ಕಲಿಸಿದ್ದು ನಾನೇ. ಆ ಮೂಲೆಗೆ ವೈಫೈ ಸರಿಯಾಗಿ ಬರುತ್ತಿರಲಿಲ್ಲ. "ನಿನ್ನ ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ, ಅದರಿಂದ ಪಕ್ಕದವರಿಗೂ ಹಂಚು. ಆಫೀಸಿನ ಹೆಸರು, ಪಾಸ್‌ವರ್ಡನ್ನೇ ಇಡು, ಯಾರೂ ಏನೂ ಕೇಳಲ್ಲ," ಅಂದಿದ್ದೆ. ಕೇಬಲ್ ಕಿತ್ತಿದ್ದರೂ, ನಾನು ಮುಚ್ಚಳ ತೆರೆದು ಆ ಯಂತ್ರ ಎದ್ದಾಗಲೆಲ್ಲ ಹಂಚುತ್ತಲೇ ಇತ್ತು; ಮುಚ್ಚಳ ಹಾಕಿದರೆ ಮಲಗುತ್ತಿತ್ತು.

ಹಿಂದೆ ಯಾರೋ ನಿಂತಿದ್ದರು. ತಂಗಿಯ ಪಕ್ಕ ಕೂರುತ್ತಿದ್ದ ಮೂಲೆ ಮೇಡಂ. ಬಾಗಿಲ ಸಂದಿಯಿಂದ ಒಳಗೆ ನೋಡಿ, "ಅಯ್ಯೋ, ಇದು ಅವಳದಲ್ವಾ?" ಅಂದರು.

ಇನ್ನೇನು ಮುಚ್ಚಿಡೋದು. ಪತ್ರದ ವಿಷಯ ಎಲ್ಲ ಹೇಳಿದೆ. "ಇದನ್ನ ಆಫ್ ಮಾಡಿದ್ರೆ ಅವಳ ಕೊನೇ ಮಾತು ಹೋಗುತ್ತೆ ಕಣ್ರೀ," ಅಂತ ಅತ್ತೆ.

ಅವರು ನನ್ನ ಪಕ್ಕಕ್ಕೆ ಬಂದರು. "ಅದರಲ್ಲಿ ಪತ್ರ ಇಲ್ಲ, ಮೇಡಂ. ನನ್ನೆದುರಿಗೇ ಅಳಿಸಿದ್ಲು. ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದ್ಲು. 'ಇದೆಲ್ಲ ಬರೆಯೋಕೆ ಬರಲ್ಲ ನಂಗೆ, ಅಕ್ಕನ ಮನೆಗೇ ಹೋಗ್ತೀನಿ, ಬೈದ್ರೆ ಬೈಸ್ಕೋತೀನಿ' ಅಂದ್ಲು. ನಂಗೆ ಆವತ್ತು ರಾತ್ರಿವರೆಗೂ ಕೆಲಸ ಇತ್ತು, ನೆಟ್ ಸಿಗಲಿ ಅಂತ ಇದನ್ನ ಆನ್ ಇಟ್ಟೇ ಹೋದ್ಲು."

"ನಾಲ್ಕು ತಿಂಗಳು ಯಾಕ್ರೀ ಹೇಳಲಿಲ್ಲ?" ಕಿರುಚಿದೆ.

"ಹೇಗೆ ಹೇಳ್ಲಿ? ಅವಳ ಹೆಸರೆತ್ತಿದ್ರೆ ಸಾಕು, ನೀವು ಎದ್ದು ಹೋಗ್ತಿದ್ರಿ."

ನಿಜ. ಹೋಗುತ್ತಿದ್ದೆ, ಇಲ್ಲಿಗೇ ಬರುತ್ತಿದ್ದೆ.

ಪವರ್ ಬಟನ್ ಒತ್ತಿ ಹಿಡಿದೆ. ಪರದೆ ಕಪ್ಪಾಯಿತು. ಆಫೀಸಿನೊಳಗೆ ನೆಟ್ ಬಂದು, ಒಬ್ಬೊಬ್ಬರಾಗಿ ಫೋನೆತ್ತಿ ಮಾತಾಡಲು ಶುರುಮಾಡಿದರು. ಮೂಲೆ ಮೇಡಂ ನನ್ನ ಕೈ ಹಿಡಿದುಕೊಂಡರು.

ಲಾರಿ ಗುದ್ದಿದ್ದು ನಮ್ಮ ಬೀದಿಯ ತಿರುವಿನಲ್ಲಿ. ಆ ದಾರಿಯಲ್ಲಿ ಅವಳಿಗೇನು ಕೆಲಸ ಅಂತ ಪೊಲೀಸರು ಕೇಳಿದಾಗ, ಮಾರ್ಕೆಟ್ಟಿಗೆ ಹೋಗುತ್ತಿದ್ದಳೇನೋ ಅಂದಿದ್ದೆ. ಆ ಸಂಜೆ ನಾನು ಮನೆಯಲ್ಲೇ ಇದ್ದೆ. ಬೀದಿಯಲ್ಲಿ ಕೂಗಾಟ ಕೇಳಿ, ಏನು ಗಲಾಟೆಯಪ್ಪಾ ಇವರದು ಅಂತ ಬೈದು, ಕಿಟಕಿ ಹಾಕಿಕೊಂಡಿದ್ದೆ.